ಸುಮ್ನೆ ಕೂತಿದ್ದ ಹುಡುಗ

ಈ ಸಲದ ಪತ್ರ:

"ಸಂಪಾದಕರಿಗೆ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಆರು ಮಕ್ಕಳ ಗುಂಪು ಮಾಡಿ, ನಿಮ್ಮ ಸುತ್ತಮುತ್ತ ಜನ ಮಾಡುವ ಯಾವುದಾದರೂ ಕೆಲಸದ ಬಗ್ಗೆ ಹತ್ತು ನಿಮಿಷದ ಡಾಕ್ಯುಮೆಂಟರಿ ಮಾಡಿ ಎಂದರು. ಇವರು ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಹೆಣ್ಣುಮಕ್ಕಳ ಬಗ್ಗೆ ಮಾಡಿದರು. ಶೂಟಿಂಗ್ ಮಾಡಿದ್ದು ನನ್ನ ಮಗಳು. ಬೇರೆಯವರು ಕೆಡಿಸುತ್ತಾರೆ ಅಂತ ಎಡಿಟಿಂಗ್ ಕೂಡ ರಾತ್ರಿ ಎರಡು ಗಂಟೆಯವರೆಗೆ ಕೂತು ತಾನೇ ಮಾಡಿದಳು. ಒಬ್ಬ ಹುಡುಗ ಮೂರು ದಿನವೂ ಆ ಹೆಂಗಸರ ಜೊತೆ ಮಾತಾಡುತ್ತ ಸುಮ್ನೆ ಕೂತಿದ್ದ. ಇನ್ನೊಬ್ಬಳು ಎರಡನೇ ದಿನದಿಂದ ಬರಲೇ ಇಲ್ಲ. ಹಾಡು ಹಾಕುವ ವಿಚಾರಕ್ಕೆ ಜಗಳವಾಗಿ ಹತ್ತಿರದ ಗೆಳತಿ ಮಾತು ಬಿಟ್ಟಿದ್ದಾಳೆ. ಕೊನೆಗೆ ಆರೂ ಜನಕ್ಕೆ ಒಂದೇ ಅಂಕ. ಮುಂದಿನ ವರ್ಷ ಹತ್ತನೇ ಕ್ಲಾಸು. ಈ ಮಕ್ಕಳಿಗೆ ಇದೆಲ್ಲ ಬೇಕಾ? ಮಾಡಿಸಲೇಬೇಕು ಅಂದರೆ ಒಬ್ಬೊಬ್ಬರಿಗೆ ಒಂದೊಂದು ಪ್ರಾಜೆಕ್ಟ್ ಕೊಡಲಿ. ಇದನ್ನು ನಿಮ್ಮ ಪತ್ರಿಕೆಯಲ್ಲಿ ಬರೆಯಿರಿ. ವಿಡಿಯೊ ಲಿಂಕ್ ಕಳಿಸಿದ್ದೇನೆ."
— ಒಬ್ಬ ತಂದೆ, ಹಾವೇರಿ

ನಮಸ್ಕಾರ ಸರ್. ಲಿಂಕ್ ಕಳಿಸಿದ್ದು ಒಳ್ಳೇದಾಯ್ತು. ಪತ್ರ ಒಂದನ್ನೇ ಓದಿದ್ದರೆ ನಾನೂ ಹೌದು ಹೌದು ಅಂದು ನಾಲ್ಕು ಸಾಲಿನಲ್ಲಿ ಉತ್ತರ ಮುಗಿಸುತ್ತಿದ್ದೆನೇನೋ. ಸಿನಿಮಾ ನೋಡಿದೆ. ರಾತ್ರಿ ಊಟ ಆದ ಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಇನ್ನೊಮ್ಮೆ ನೋಡಿದೆ. ಅದಕ್ಕೇ ಈ ಉತ್ತರ ಉದ್ದವಾಗುತ್ತಿದೆ.

ಒಂದು ಮಾತು ಮೊದಲೇ ಒಪ್ಪಿಬಿಡ್ತೀನಿ. ಎಲ್ಲರಿಗೂ ಕಣ್ಣು ಮುಚ್ಚಿ ಒಂದೇ ಅಂಕ ಕೊಟ್ಟದ್ದು ಸರಿಯಲ್ಲ. ನೀನೇನು ಮಾಡಿದೆ, ಜೊತೆಯವರು ಏನು ಮಾಡಿದರು ಅಂತ ಒಬ್ಬೊಬ್ಬರಿಂದ ಅರ್ಧ ಪುಟ ಬರೆಸಿಕೊಂಡಿದ್ದರೂ ಸಾಕಿತ್ತು, ಮೇಷ್ಟ್ರಿಗೆ ಎಲ್ಲ ಗೊತ್ತಾಗುತ್ತಿತ್ತು. ಇಷ್ಟಕ್ಕೆ ನಾನು ನಿಮ್ಮ ಪರ. ಉಳಿದದ್ದಕ್ಕೆ ಅಲ್ಲ.

ಸಿನಿಮಾದ ಏಳನೇ ನಿಮಿಷಕ್ಕೆ ಬನ್ನಿ. ನಿಮ್ಮ ಮಗಳು ಫೋನನ್ನು ಚೀಲದ ಮೇಲೆ ಇಟ್ಟಿದ್ದಾಳೆ ಅಂತ ಕಾಣುತ್ತೆ, ನೆಲದ ಮಟ್ಟದಿಂದ ಬರೀ ಎರಡು ಕೈ ಕಾಣಿಸುತ್ತವೆ. ಬೆರಳ ತುದಿ ಕೆಂಪಾಗಿ ಸಿಪ್ಪೆ ಎದ್ದಿವೆ. ಕಾಯಿ ಎತ್ತೋದು, ತುಂಬು ಮುರಿಯೋದು, ಆಚೆ ಎಸೆಯೋದು, ಮತ್ತೆ ಎತ್ತೋದು. ಅರ್ಧ ನಿಮಿಷ ಅಷ್ಟೇ. ಮಧ್ಯೆ ಯಾರೋ ಕೆಮ್ಮುತ್ತಾರೆ, ಫೋನ್ ಸ್ವಲ್ಪ ಅಲುಗುತ್ತೆ, ಅದನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದಾಳೆ. ಜಾಣ ಹುಡುಗಿ. ಆಮೇಲೆ ಆ ಅಜ್ಜಿ ತಲೆ ಎತ್ತದೆ, ಕೆಲಸ ನಿಲ್ಲಿಸದೆ ಹೇಳ್ತಾಳೆ: "ಎಷ್ಟ್ ಸಬಕಾರ ಹಚ್ಚಿ ತೊಳಕೊಂಡ್ರೂ ಕೈಯಾಗಿನ ಖಾರ ಹೋಗಂಗಿಲ್ಲ ತಮ್ಮಾ. ರಾತ್ರಿ ಮೊಮ್ಮಗ ಅತ್ತರ ಕಣ್ಣೀರ ಒರಸಾಕ ಅಂಜಿಕಿ ಬರತೈತಿ. ಸೆರಗಿಲೆ ಒರಸ್ತೀನಿ."

ನಮ್ಮ ಮನೆಯಲ್ಲಿ ಆ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಅಂದರೆ ನಮಗೆಲ್ಲ ಎಷ್ಟು ಹೆಮ್ಮೆ! ಬಣ್ಣ ಜಾಸ್ತಿ, ಖಾರ ಕಮ್ಮಿ. ಅದರಲ್ಲೂ ಕಡ್ಡಿ, ಡಬ್ಬಿ ಅಂತ ಎರಡು ಬಗೆ. ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕ್ತಾರೆ. 2011ರಲ್ಲಿ ಜಿಐ ಗುರುತು, ಅಂದರೆ ಇದು ಈ ಭಾಗದ್ದೇ ಅನ್ನೋ ಸರ್ಕಾರಿ ಮಾನ್ಯತೆ, ಬಂತು. ಇದನ್ನೆಲ್ಲ ನಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಬರೆದಿದ್ದೀವಿ. ಆದರೆ ಖಾರ ಕಮ್ಮಿ ಅನ್ನೋದು ಅಡುಗೆಮನೆಯ ಮಾತು. ದಿನಕ್ಕೆ ಸಾವಿರಾರು ಕಾಯಿ ಬಿಡಿಸುವ ಬೆರಳಿಗೆ ಅದು ಹೊಂದಲ್ಲ. ಮೆಣಸಿನಕಾಯಿಯ ಖಾರ ನೀರಿಗೆ ಕರಗಲ್ಲ, ಎಣ್ಣೆಗೆ ಕರಗುತ್ತೆ. ಹಾಗಾಗಿ ಬರೀ ನೀರಲ್ಲಿ ಎಷ್ಟು ತೊಳೆದರೂ ಅಷ್ಟೇ, ಅಜ್ಜಿ ಹೇಳಿದ ಹಾಗೆ ಸೋಪು ಹಚ್ಚಿದರೂ ಪೂರ್ತಿ ಹೋಗಲ್ಲ. ಇಷ್ಟು ವರ್ಷ ಬರೆದ ನನಗೆ ಈ ವಿಷಯ ಒಂಬತ್ತನೇ ಕ್ಲಾಸಿನ ಮಕ್ಕಳಿಂದ ಗೊತ್ತಾಯ್ತು.

ಈಗ ಹೇಳಿ ಸರ್. ಅಜ್ಜಿ "ತಮ್ಮಾ" ಅಂದದ್ದು ಯಾರಿಗೆ?

ನಿಮ್ಮ ಮಗಳಿಗಂತೂ ಅಲ್ಲ. ಅವಳು ಫೋನಿನ ಹಿಂದೆ ಇದ್ದಳು. ಮೂರು ದಿನ ಮಾತಾಡುತ್ತ ಸುಮ್ನೆ ಕೂತಿದ್ದ ಅಂತ ನೀವು ಬರೆದಿರಲ್ಲ, ಆ ಹುಡುಗನಿಗೆ ಅಂತ ನನ್ನ ನಂಬಿಕೆ. ಮೊದಲನೇ ದಿನ ಬಂದ ಹೊಸ ಹುಡುಗರ ಮುಂದೆ ಯಾವ ಅಜ್ಜಿಯೂ ಮೊಮ್ಮಗನ ಕಣ್ಣೀರಿನ ಮಾತು ತೆಗೆಯಲ್ಲ. ಕೂಲಿ ಎಷ್ಟು ಅಂದರೆ ಇಷ್ಟು ಅಂತಾಳೆ, ತ್ರಾಸು ಇದೆಯಾ ಅಂದರೆ ಏನ್ ಮಾಡೂದ್ರಿ ಹೊಟ್ಟಿಪಾಡು ಅಂತಾಳೆ, ಅಲ್ಲಿಗೆ ಮುಗೀತು. ಆ ಮೂರು ದಿನ ಅವನು ಸುಮ್ನೆ ಕೂತಿದ್ದಲ್ಲ. ನಿಮ್ಮ ಮಗಳ ಸಿನಿಮಾಕ್ಕೆ ಬಾಗಿಲು ತೆಗೆಸಿದ್ದು ಅವನೇ.

ನನಗೆ ಇದು ಯಾಕೆ ಇಷ್ಟು ಗೊತ್ತು ಅಂದರೆ, ನಾನು ಆ ಹುಡುಗನ ಹಾಗೆ ಇರಲಿಲ್ಲ. ಹೊಸದಾಗಿ ವರದಿಗಾರನಾಗಿದ್ದಾಗ ಧಾರವಾಡದ ಹತ್ತಿರ ಗರಗಕ್ಕೆ ಕಳಿಸಿದರು. ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವ ಊರು. ಪುಸ್ತಕದಲ್ಲಿ ಹನ್ನೆರಡು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಮಗ್ಗದ ಮುಂದೆ ನಿಂತೇ ಒಂದು ಗಂಟೆಯಲ್ಲಿ ಹನ್ನೆರಡನ್ನೂ ಕೇಳಿ, ಹನ್ನೆರಡು ಉತ್ತರ ಬರೆದುಕೊಂಡು ಬಸ್ ಹತ್ತಿದೆ. ಜೊತೆಗೆ ಬಂದ ಹಿರಿಯ ಫೋಟೋಗ್ರಾಫರ್ ಮಾತ್ರ ಅಲ್ಲೇ ಉಳಿದರು. ಅವರದು ಒಂದು ರೂಢಿ ಇತ್ತು. ಹೋದ ಕಡೆ ಮೊದಲು ಚಹಾ ಕುಡೀತಿದ್ದರು, ಎಲೆಅಡಿಕೆ ಹಾಕ್ತಿದ್ದರು, ಮನೆಯ ಕೂಸುಗಳ ಹೆಸರು ಕೇಳ್ತಿದ್ದರು, ಜನರು ತಮ್ಮ ಕೆಲಸಕ್ಕೆ ತಾವು ಮರಳುವ ತನಕ ಕ್ಯಾಮೆರಾ ಚೀಲದ ದಾರ ಬಿಚ್ಚುತ್ತಿರಲಿಲ್ಲ. ಮಾರನೇ ದಿನ ಅವರು ತಂದ ಫೋಟೋದಲ್ಲಿ ನೇಕಾರ ಹೆಣ್ಣುಮಗಳು ಹರಿದ ಎಳೆಯನ್ನು ನಾಲಿಗೆಗೆ ತಾಗಿಸಿ ಹೊಸೆದು ಕೂಡಿಸುತ್ತಿದ್ದಳು. ನನ್ನ ಹನ್ನೆರಡು ಉತ್ತರಗಳಲ್ಲಿ ಆ ಎಳೆ ಇರಲಿಲ್ಲ. ನನ್ನ ವರದಿ ಒಳಪುಟಕ್ಕೆ ಹೋಯಿತು, ಅವರ ಫೋಟೋ ಮುಖಪುಟಕ್ಕೆ. ಅದು ನ್ಯಾಯವೇ ಆಗಿತ್ತು.

ಪ್ರಬಂಧ ಒಬ್ಬರು ಬರೀಬಹುದು. ಚಿತ್ರ ಒಬ್ಬರು ಬಿಡಿಸಬಹುದು. ಡಾಕ್ಯುಮೆಂಟರಿ ಹಾಗಲ್ಲ. ಒಬ್ಬರು ಮಾತಾಡಿಸಬೇಕು, ಒಬ್ಬರು ಫೋನ್ ಹಿಡೀಬೇಕು, ಇನ್ನೊಂದು ಫೋನು ಮಾತಾಡುವವರ ಹತ್ತಿರ ಇಟ್ಟು ದನಿ ತಗೋಬೇಕು, ಯಾರೋ ಒಬ್ಬರು ಚಪ್ಪಾಳೆ ಹೊಡೀಬೇಕು. ಚಪ್ಪಾಳೆ ಯಾಕೆ ಅಂತ ಮಗಳನ್ನು ಕೇಳಿ, ಹೇಳ್ತಾಳೆ. ಚಿತ್ರ ಒಂದು ಫೋನಿನಲ್ಲಿ, ದನಿ ಇನ್ನೊಂದರಲ್ಲಿ ಇದ್ದಾಗ ಆಮೇಲೆ ಎರಡನ್ನೂ ಹೊಂದಿಸೋಕೆ ಆ ಚಪ್ಪಾಳೆಯೇ ಗುರುತು. ಕೈ ಸೇರಿದ್ದು ಕಾಣಬೇಕು, ಸದ್ದು ಕೇಳಬೇಕು. ಅದನ್ನು ಹೊಡೆದ ಕೂಸೂ ಕೆಲಸ ಮಾಡಿದ ಹಾಗೇ ಅಲ್ವಾ?

ಜಗಳದ ವಿಚಾರಕ್ಕೆ ಬರ್ತೀನಿ. ಮಗಳು ಹಾಡು ಹಾಕೋಣ ಅಂದಳೋ, ಗೆಳತಿ ಅಂದಳೋ ನೀವು ಬರೆದಿಲ್ಲ. ಸಿನಿಮಾದ ಕೊನೆಗೆ ಪಿಟೀಲಿನ ಒಂದು ದುಃಖದ ಟ್ಯೂನ್ ಇದೆ. ನನಗೆ ಅದು ಬೇಡವಾಗಿತ್ತು. ಅದರ ಕೆಳಗೆ ಆ ಹೆಣ್ಣುಮಕ್ಕಳು ಮಾತಾಡಿಕೊಳ್ಳೋದು, ನಗೋದು ಸಣ್ಣಗೆ ಕೇಳಿಸುತ್ತೆ. ಆ ನಗು ಪೂರ್ತಿ ಕೇಳಬೇಕಿತ್ತು. ಆದರೆ ಜಗಳ ಆದದ್ದು ಕೆಟ್ಟದ್ದು ಅಂತ ನಾನು ಒಪ್ಪಲ್ಲ. ಹದಿನಾಲ್ಕು ವರ್ಷದ ಇಬ್ಬರು ಹುಡುಗಿಯರು, ಕಷ್ಟಪಡುವ ಹೆಂಗಸರ ಮೇಲೆ ಅಳುವ ಸಂಗೀತ ಹಾಕಬೇಕೋ ಬೇಡವೋ ಅಂತ ಮಾತು ಬಿಡುವಷ್ಟು ಜಗಳ ಆಡಿದ್ದಾರೆ. ದೊಡ್ಡ ದೊಡ್ಡ ಟಿವಿಯವರು ಈ ಪ್ರಶ್ನೆ ಕೇಳಿಕೊಳ್ಳೋದೇ ಇಲ್ಲ.

ಟಿವಿ ಅಂದಾಗ ನೆನಪಾಯ್ತು. 2024ರ ಮಾರ್ಚ್‌ನಲ್ಲಿ ದರ ಬಿದ್ದು ರೈತರು ಸಿಟ್ಟಿಗೆದ್ದು ಬ್ಯಾಡಗಿ ಎಪಿಎಂಸಿ (ಕೃಷಿ ಮಾರುಕಟ್ಟೆ) ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತಲ್ಲ, ಆಗ ಎಷ್ಟೊಂದು ಕ್ಯಾಮೆರಾ ಬಂದಿದ್ದವು. ಹೊಗೆ ತೋರಿಸಿದರು, ಗಾಜು ಒಡೆದ ಕಾರು ತೋರಿಸಿದರು, ಮತ್ತೆ ಮತ್ತೆ ಅದೇ ತೋರಿಸಿದರು. ಬೆಂಕಿ ಆರಿದ ಮೇಲೆ ಹೊರಟು ಹೋದರು. ಸೋಮವಾರ, ಗುರುವಾರ ಅಂತ ವಾರಕ್ಕೆ ಎರಡು ಸಲ ಲಕ್ಷಗಟ್ಟಲೆ ಚೀಲ ಬರುವ ಹಂಗಾಮಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತ ಹೆಣ್ಣುಮಕ್ಕಳ ಮುಂದೆ ಯಾರಾದರೂ ಮೈಕ್ ಹಿಡಿದದ್ದನ್ನು ನಾನಂತೂ ನೋಡಲಿಲ್ಲ. ನಿಮ್ಮ ಮಕ್ಕಳು ಹಿಡಿದರು. ಅದನ್ನು ನೀವು ಅಂಕದ ಲೆಕ್ಕದಲ್ಲಿ ತೂಗುತ್ತಿದ್ದೀರಿ ಅನ್ನೋದೇ ನನಗೆ ಬೇಜಾರು.

ಒಬ್ಬೊಬ್ಬರಿಗೆ ಒಂದೊಂದು ಕೊಡಲಿ ಅಂದಿರಿ. ಕೊಟ್ಟರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತಿದೆ. ಅಪ್ಪ ಅಂಗಡಿಯಿಂದ ಥರ್ಮಾಕೋಲ್ ತರ್ತಾರೆ, ಅಮ್ಮ ಕತ್ತರಿಸ್ತಾರೆ, ಸೈಬರ್ ಸೆಂಟರಿನವನು ಪ್ರಿಂಟ್ ತೆಗೆದುಕೊಡ್ತಾನೆ, ಕೂಸು ಮೇಲೆ ಹೆಸರು ಬರೀತದೆ. ನಮ್ಮ ಬೀದಿಯ ಸ್ಟೇಷನರಿ ಅಂಗಡಿಯಲ್ಲಿ ಜ್ವಾಲಾಮುಖಿ, ಸೌರಮಂಡಲ ಎರಡೂ ಸಿದ್ಧ ಸಿಗುತ್ತವೆ. ಇದನ್ನು ಕಲಿಕೆ ಅಂತ ಕರೀಬೇಕಾ? ಧಾರವಾಡದ ಸಪ್ತಾಪುರದಲ್ಲಿ ಒಂದು ಸಂಜೆ ಸುತ್ತು ಹಾಕಿ ನೋಡಿ. ಕೋಚಿಂಗ್ ಬೋರ್ಡುಗಳ ಕೆಳಗೆ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಪುಸ್ತಕ ಎದೆಗೆ ಒತ್ತಿಕೊಂಡು ಒಬ್ಬೊಬ್ಬರೇ ನಡೀತಾರೆ. ಅವರ ಕಷ್ಟದ ಮೇಲೆ ನನಗೆ ಗೌರವ ಇದೆ. ಆದರೆ ಹತ್ತು ವರ್ಷದ ಕೂಸಿನಿಂದ ಶುರು ಮಾಡಿ, ಪಕ್ಕದಲ್ಲಿ ಕೂತವನು ನಿನ್ನ ಸೀಟು ಕಸಿಯುವವನು ಅಂತ ಹೇಳಿಕೊಡುತ್ತ ಬಂದಿದ್ದೀವಿ. ಆಮೇಲೆ ಅದೇ ಹುಡುಗ ಆಫೀಸರ್ ಆಗಿ ಬಂದು ಊರಿನವರ ಮಾತು ಕೇಳಲ್ಲ ಅಂತ ನಾವೇ ದೂರ್ತೀವಿ.

ನಮ್ಮ ಭಾಗದ ರೀತಿ ಹೀಗಿರಲಿಲ್ಲ ಸರ್. ದೇಶದಲ್ಲೇ ಮೊದಲನೆಯದು ಅಂತ ಹೇಳುವ ಕೃಷಿ ಸಹಕಾರ ಸಂಘ ಹುಟ್ಟಿದ್ದು ನಿಮ್ಮ ಪಕ್ಕದ ಗದಗ ತಾಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ ಕಟ್ಟಿದ್ದು. ಧಾರವಾಡದಲ್ಲಿ ಬೇಂದ್ರೆಯವರು ಕವಿತೆ ಬರೆದದ್ದು ಒಬ್ಬರೇ ಇರಬಹುದು, ಆದರೆ ಸುತ್ತ ಗೆಳೆಯರ ಗುಂಪು ಇತ್ತು. ಹೆಸರೇ ಗೆಳೆಯರ ಗುಂಪು. ಅತ್ತ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಹಾಕಿದರು. ಕೈಯಲ್ಲಿ ಟೇಪ್ ರೆಕಾರ್ಡರ್ ಇಲ್ಲದ ಕಾಲ. ಕೇಳಬೇಕು, ನೆನಪಿಡಬೇಕು, ಬರೆದುಕೊಳ್ಳಬೇಕು. ಒಬ್ಬರಿಂದ ಆಗುವ ಕೆಲಸವಾ ಅದು? ಅವರು ಹಾಗೆ ಕಿವಿಗೊಡದೆ ಹೋಗಿದ್ದರೆ ಎಷ್ಟೋ ಹಾಡು ಆ ಅಜ್ಜಿಯರ ಜೊತೆಗೇ ಹೋಗುತ್ತಿದ್ದವು. ನಿಮ್ಮ ಮಗಳ ಗುಂಪು ಮಾಡಿದ್ದು ಅದೇ ಕೆಲಸ. ಕೈಯಲ್ಲಿ ಫೋನ್ ಇದೆ, ಅಷ್ಟೇ ಫರಕು.

ಮಗಳ ಬಗ್ಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಬೇರೆಯವರು ಕೆಡಿಸುತ್ತಾರೆ ಅಂತ ಎಡಿಟಿಂಗ್ ತಾನೇ ಮಾಡಿದಳು ಅಂತ ನೀವೇ ಬರೆದಿದ್ದೀರಿ. ಅಂದರೆ ಬೇರೆಯವರು ಮಾಡಲಿಲ್ಲ ಅಂತಲ್ಲ, ಅವಳು ಮಾಡಗೊಡಲಿಲ್ಲ ಅಂತ. ಅವಳ ಕಣ್ಣು ಒಳ್ಳೆಯದು, ಕೈ ಒಳ್ಳೆಯದು, ಆ ಏಳನೇ ನಿಮಿಷ ನೋಡಿದ ಯಾರಾದರೂ ಹೇಳ್ತಾರೆ. ಆದರೆ ಮೂರು ದಿನ ಆ ಹೆಂಗಸರ ಜೊತೆ ಕೂತವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಡಿಟ್ ಮಾಡಿದ್ದರೆ, ಯಾರ ಯಾವ ಮಾತು ಉಳಿಸಬೇಕು ಅಂತ ಅವನು ಹೇಳುತ್ತಿದ್ದ. ರಾತ್ರಿ ಎರಡು ಗಂಟೆಯೂ ಆಗುತ್ತಿರಲಿಲ್ಲ. ಇನ್ನು ಎರಡನೇ ದಿನದಿಂದ ಬರದೇ ಇದ್ದ ಹುಡುಗಿ. ಯಾಕೆ ಬರಲಿಲ್ಲ ಅಂತ ಯಾರಾದರೂ ಅವಳ ಮನೆಗೆ ಹೋಗಿ ಕೇಳಿದರಾ? ಆ ಘಾಟಿನಲ್ಲಿ ಉಬ್ಬಸ ಇರುವವರು ಒಂದು ತಾಸು ಕೂರೋಕಾಗಲ್ಲ. ಅದೇ ಕಾರಣ ಅಂತ ನಾನು ಹೇಳ್ತಿಲ್ಲ. ಕೇಳಿ ನೋಡಲಿ ಅಂತೀನಿ.

ಕೊನೆಗೆ ಒಂದು ದೂರು, ಇದು ನಿಮ್ಮ ಮೇಲಲ್ಲ, ಆರೂ ಮಕ್ಕಳ ಮೇಲೆ, ಅವರ ಮೇಷ್ಟ್ರ ಮೇಲೂ. ಸಿನಿಮಾ ಮುಗಿದ ಮೇಲೆ ಹೆಸರುಗಳು ಬರುತ್ತವೆ. ಮಕ್ಕಳ ಹೆಸರಿದೆ, ಮೇಷ್ಟ್ರ ಹೆಸರಿದೆ, ಮುಖ್ಯೋಪಾಧ್ಯಾಯರದ್ದು, ಆಡಳಿತ ಮಂಡಳಿ ಅಧ್ಯಕ್ಷರದ್ದೂ ಇದೆ. ಆ ಅಜ್ಜಿಯ ಹೆಸರಿಲ್ಲ. ಅವಳ ಜೊತೆ ಕೂತು ಕೆಲಸ ಮಾಡುವ ಯಾವ ಹೆಂಗಸಿನ ಹೆಸರೂ ಇಲ್ಲ. ಎರಡು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಅಂಕ ಕೊಟ್ಟಾಯ್ತು, ಈಗ ಯಾರೂ ಬದಲಿಸಲ್ಲ. ಆದರೆ ಸಿನಿಮಾ ಬದಲಿಸಬಹುದು. ಮಗಳಿಗೆ ಹೇಳಿ, ಆ ಗೆಳತಿಗೆ ಫೋನ್ ಮಾಡಲಿ, ಸುಮ್ನೆ ಕೂತಿದ್ದ ಹುಡುಗನನ್ನೂ ಕರೀಲಿ. ಅವನಿಗೆ ಆ ಹೆಂಗಸರ ಹೆಸರೆಲ್ಲ ಗೊತ್ತಿರುತ್ತೆ, ಬೇಕಾದರೆ ಕೇಳಿ ನೋಡಿ. ಅವರು ಒಪ್ಪಿದರೆ ಹೆಸರು ಸೇರಿಸಲಿ, ಪಿಟೀಲು ತೆಗೀಲಿ, ನಗು ಉಳಿಸಲಿ. ಆಮೇಲೆ ಯಾರ ಮನೆಯಲ್ಲಾದರೂ ಪ್ರೊಜೆಕ್ಟರ್ ಇದ್ದರೆ ಕೇಳಿ ತಂದು, ಪೇಟೆ ಇಲ್ಲದ ದಿನ ಸಂಜೆ ಕೆಲಸ ಬಿಟ್ಟ ಮೇಲೆ ಅಲ್ಲೇ ಗೋಡೆಗೆ ಬಿಳಿ ಪಂಚೆ ಕಟ್ಟಿ ಅವರಿಗೇ ತೋರಿಸಿ. ದಿನ ಯಾವುದು ಅಂತ ಎರಡು ದಿನ ಮೊದಲು ತಿಳಿಸಿ ಸರ್. ಹುಬ್ಬಳ್ಳಿಯಿಂದ ಬಸ್ ಹತ್ತಿ ಬರ್ತೀನಿ. ಬರುವಾಗ ಅಜ್ಜಿಯ ಕೈಗೆ ಹಚ್ಚೋಕೆ ಒಂದು ಬಾಟಲಿ ಕೊಬ್ಬರಿ ಎಣ್ಣೆ ತರ್ತೀನಿ.