ಹೊಲದ ಅಂಚೆ: ಆರಿದ್ರೆ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ತಂದೆ ಆರಿದ್ರೆಯಂಥ ಮಳೆ ನಕ್ಷತ್ರ ನೋಡಿ ರಾಗಿ ಬಿತ್ತುತ್ತಿದ್ದರು. ನಾನೂ ಹಾಗೆಯೇ ಮಾಡುತ್ತ ಬಂದೆ. ಈಚೆಗೆ ಯಾವ ಮಳೆಯೂ ಹೇಳಿದ ಹೊತ್ತಿಗೆ ಬರುತ್ತಿಲ್ಲ. ಪಂಚಾಂಗದ ಲೆಕ್ಕವೇ ಕೆಟ್ಟಿದೆ ಎಂದು ಊರಿನವರು ಹೇಳುತ್ತಾರೆ. ನಿಜವೇ?
– ರೈತರೊಬ್ಬರು, ಮಾಗಡಿ ತಾಲ್ಲೂಕು

ಉತ್ತರ: ಪಾಪ, ಪಂಚಾಂಗದವರ ಮೇಲೆ ಅಪವಾದ ಬೇಡ. ನಕ್ಷತ್ರದ ಲೆಕ್ಕ ಋತುವಿನಿಂದ ಜಾರುವುದು ನಿಜ, ಆದರೆ ಸುಮಾರು 70 ವರ್ಷಕ್ಕೆ ಒಂದೇ ದಿನ. ಸಂಕ್ರಾಂತಿಯದೂ ಇದೇ ಲೆಕ್ಕ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಅಂದು ಜನವರಿ 12. ಈಗ ನಾವು ಎಳ್ಳು ಬೀರುವುದು 14ಕ್ಕೋ 15ಕ್ಕೋ. ನೂರರುವತ್ತು ವರ್ಷಗಳಲ್ಲಿ ಜಾರಿದ್ದು ಇಷ್ಟೇ. ನಿಮ್ಮ ತಂದೆ ಕಂಡ ಆರಿದ್ರೆಗೂ ನಿಮ್ಮ ಆರಿದ್ರೆಗೂ ಒಂದು ದಿನದ ಅಂತರವೂ ಇರಲಾರದು.

ಕೆಟ್ಟಿರುವುದು ಮಳೆಯಿಂದ ಮಳೆಗೆ ಇರುವ ಬಿಡುವು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶೇಕಡ 7ರಷ್ಟು ಹೆಚ್ಚು ತೇವವನ್ನು ಹೊರಬಲ್ಲದು. ಹೀಗಾಗಿ ತಿಂಗಳಿಡೀ ಜಿನುಗಬೇಕಾದ ಮಳೆ ವಾರಗಟ್ಟಲೆ ಮುಖ ತೋರಿಸದೆ, ಒಂದು ಸಂಜೆ ಬಂದು ಬದುವನ್ನೇ ಕೊಚ್ಚಿಕೊಂಡು ಹೋಗುತ್ತದೆ. ವರ್ಷದ ಲೆಕ್ಕ ನೋಡಿದರೆ ಮಳೆ ‘ವಾಡಿಕೆಯಷ್ಟು’! ಈ ಪದ ಕೇಳಿದರೆ ನನಗೆ ಮೈಯುರಿಯುತ್ತದೆ. ವಾರವಿಡೀ ಉಪವಾಸ ಕೆಡವಿ ಭಾನುವಾರ ಹದಿನಾಲ್ಕು ಮುದ್ದೆ ಬಡಿಸಿದರೂ ಸರಾಸರಿ ದಿನಕ್ಕೆ ಎರಡೇ ಅಲ್ಲವೇ?

ನಿಮ್ಮ ಕಡೆಯೇ ನನ್ನ ತಮ್ಮನ ಎರಡು ಎಕರೆ ಇದೆ. 2023ರ ಜುಲೈ ಕೊನೆಗೆ ಹದ ಸಿಕ್ಕಿತೆಂದು ಕೂರಿಗೆ ಹೂಡಿದ. ಆಮೇಲೆ ಬಂದದ್ದು 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಮರುವರ್ಷ ಫಸಲು ಚೆನ್ನಾಗಿಯೇ ಬಂತು. ಕೊಯ್ದು ಹೊಲದಲ್ಲೇ ಅರಿ ಹಾಕಿದ್ದ. ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಹಿಡಿಯಿತು. ತೆನೆಯಲ್ಲೇ ಮೊಳಕೆ ಬಂತು. ಆ ಹೊತ್ತಿಗೆ ನಾನು ಚಾಮರಾಜಪೇಟೆಯ ಮನೆಯಲ್ಲಿ ಥಂಡಿಯೆಂದು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದೆ. ಅವನು ದೂರವಾಣಿ ಮಾಡಿದಾಗ ಬಾಣಲೆಯ ಸದ್ದು ಕೇಳದಿರಲೆಂದು ಹೊರಗೆ ಬಂದು ಮಾತನಾಡಿದೆ.

ಈಗ ಅವನು ಮಾಡುತ್ತಿರುವುದನ್ನೇ ನಿಮಗೂ ಹೇಳುತ್ತೇನೆ. ಬಿತ್ತನೆ ಆಗಸ್ಟ್‌ಗೆ ಜಾರಿದರೆ 110–115 ದಿನದ ರಾಗಿ ತಳಿ ಜಿಪಿಯು 28 ಬಿಟ್ಟು, ಸುಮಾರು 100 ದಿನಕ್ಕೆ ಬರುವ ಜಿಪಿಯು 48 ಹಿಡಿಯುತ್ತಾನೆ. ಅರ್ಧ ಎಕರೆಗಾಗುವಷ್ಟು ಒಟ್ಲು (ಸಸಿಮಡಿ) ಹಾಕಿಟ್ಟಿರುತ್ತಾನೆ. ಕೊಡದಲ್ಲಿ ನೀರು ಹೊತ್ತಾದರೂ ಪಾತಿಯನ್ನು ಉಳಿಸಿಕೊಳ್ಳಬಹುದು, ಮಳೆ ಬಿದ್ದ ದಿನ ಪೈರು ನಾಟಿಗೆ ಸಿದ್ಧ. ರಾಗಿಯ ನಡುವೆ ಬೇರೆ ಬೆಳೆ ಹಾಕುವ, ಬಿಟ್ಟಿದ್ದ ಅಕ್ಕಡಿ ಸಾಲನ್ನು ಮತ್ತೆ ತಂದಿದ್ದಾನೆ. ರಾಗಿ ಕೈಕೊಟ್ಟರೂ ಅವರೆ, ತೊಗರಿ ಸಾರಿಗಾದರೂ ಆಗುತ್ತವೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಫಸಲ್ ಬಿಮಾ (ಬೆಳೆ ವಿಮೆ) ಕಟ್ಟಿದ್ದರೆ, ಕೊಯ್ದು ಹೊಲದಲ್ಲಿ ಹರಡಿದ ತೆನೆ 14 ದಿನಗಳೊಳಗೆ ಇಂಥ ಮಳೆಗೆ ಸಿಕ್ಕರೂ ಪರಿಹಾರ ಕೇಳಬಹುದು. ಆದರೆ 72 ಗಂಟೆಯೊಳಗೆ ತಿಳಿಸಬೇಕು. ನನ್ನ ತಮ್ಮ ತಿಳಿಸಿದ್ದು ಐದನೆಯ ದಿನ.

ಪ್ರಶ್ನೆ: ಕೋಲಾರದಲ್ಲಿರುವ ಅಕ್ಕನ ಊರಿನ ಕೆರೆಗೆ ನಮ್ಮ ಬೆಂಗಳೂರಿನ ಕೊಳಚೆ ನೀರು ಬರುತ್ತಿದೆ. ಅವಳು ಕಳಿಸುವ ಟೊಮೆಟೊ ತಿನ್ನಬಹುದೇ?
– ಗೃಹಿಣಿ, ಕೋರಮಂಗಲ

ಉತ್ತರ: ಕೋರಮಂಗಲದವರೇ ಕೇಳಿದ್ದೀರಲ್ಲ, ಸಂತೋಷ! ಆ ಯೋಜನೆಯ ಹೆಸರಿನಲ್ಲೇ ನಿಮ್ಮ ಬಡಾವಣೆ ಇದೆ: ಕೋರಮಂಗಲ–ಚಲ್ಲಘಟ್ಟ ಕಣಿವೆ. ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದ ಕಾವೇರಿ ನಿಮ್ಮ ಬಚ್ಚಲಿನಿಂದ ಹೊರಟು, ಎರಡು ಹಂತದಲ್ಲಿ ಶುದ್ಧವಾಗಿ, 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಎಂಬುದು ಯೋಜನೆಯ ಗುರಿ. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು.

ಉದ್ದೇಶ ಅಂತರ್ಜಲ ತುಂಬುವುದೇ ಹೊರತು ಕೆರೆಯಿಂದ ನೇರವಾಗಿ ಹೊಲಕ್ಕೆ ಹಾಯಿಸುವುದಲ್ಲ. ಮಣ್ಣಿನಲ್ಲಿ ಇಂಗಿ ಬಾವಿಗೆ ಬಂದ ನೀರು ಬೇರೆ, ಕೆರೆಗೆ ಪಂಪ್ ಇಟ್ಟು ಎಳೆದ ನೀರು ಬೇರೆ. ಅಕ್ಕನನ್ನು ಇದೊಂದು ಕೇಳಿ. ಬಾವಿಯ ನೀರಾದರೆ ಟೊಮೆಟೊ ತೊಳೆದು ತಿನ್ನಿ, ನಾನಂತೂ ತಿನ್ನುತ್ತೇನೆ. ನೇರ ಕೆರೆ ನೀರಾದರೆ ಬೇಯಿಸದೆ ಬೇಡ. ಶಾಶ್ವತ ನದಿಯಿಲ್ಲದ ಜಿಲ್ಲೆ ಅದು. ಬತ್ತಿದ್ದ ಬಾವಿಯಲ್ಲಿ ನೀರು ಕಂಡವರಿಗೆ ‘ಬೇಡ ಎನ್ನಿ’ ಎಂದು ಬೆಂಗಳೂರಿನಲ್ಲಿ ಕುಳಿತು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಕೋಲಾರದವರ ಕೂಗು ನ್ಯಾಯವಾದದ್ದು, ಅದರ ಖರ್ಚು ಗಲೀಜು ಮಾಡಿದವರದು. ಅಂದರೆ ನಿಮ್ಮದು, ನನ್ನದು.

ಪ್ರಶ್ನೆ: 2024ರ ಬಾಕು ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಎಂದರು. ಅದು ಬರುವವರೆಗೆ ಹಳ್ಳಿಯವರು ಏನು ಮಾಡಬೇಕು?
– ವಿದ್ಯಾರ್ಥಿ, ಜಯನಗರ

ಉತ್ತರ: ಅದರ ಗಡುವು 2035. ಅಲ್ಲಿಯವರೆಗೆ ಯಾಕೂಬಾ ಸವಾಡೊಗೊ ಅವರನ್ನು ನೆನೆಯಿರಿ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ರೈತ. 1980ರ ಸುಮಾರಿಗೆ, ಬರದಲ್ಲಿ ಜನ ಗುಳೆ ಹೊರಟಾಗ, ಬೇಸಿಗೆಯಲ್ಲೇ ಗಟ್ಟಿ ನೆಲದಲ್ಲಿ ಗುಳಿ ತೋಡಿ ಗೊಬ್ಬರ ತುಂಬಿದರು. ಗೊಬ್ಬರಕ್ಕೆ ಗೆದ್ದಲು ಬಂತು, ಗೆದ್ದಲು ಕೊರೆದ ದಾರಿಯಲ್ಲಿ ಮಳೆನೀರು ಇಳಿಯಿತು. (ನಾವಾದರೆ ಗೆದ್ದಲು ಕಂಡ ಕೂಡಲೇ ಔಷಧದಂಗಡಿಗೆ ಓಡುತ್ತಿದ್ದೆವು.) ಹುಚ್ಚನೆಂದು ನೆರೆಯವರು ಬೆಳೆಗೆ ಬೆಂಕಿಯಿಟ್ಟರು. ಆತ ಮತ್ತೆ ತೋಡಿದರು. ಸಜ್ಜೆ, ಜೋಳ ಬಂತು, ಗುಳಿಗಳಲ್ಲಿ ಮರ ಎದ್ದು ಕಾಡಾಯಿತು. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಿಕ್ಕಿತು, 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಅಷ್ಟು ಬರ ತಾಳಿದ ಆ ಕಾಡಿನೊಳಗೆ ಕೊನೆಗೆ ನುಗ್ಗಿದ್ದು, ಪಕ್ಕದ ಪಟ್ಟಣ ಬೆಳೆದು ಹಾಕಿದ ನಿವೇಶನಗಳ ನಕ್ಷೆ. ದೇವನಹಳ್ಳಿ ಕಡೆಯ ಓದುಗರು ಈ ಬಗ್ಗೆ ಪ್ರಶ್ನೆ ಕಳಿಸುವ ಅಗತ್ಯವಿಲ್ಲ.