ನೋಡಿಕೊಂಡು ಬರೆದರೆ ತಪ್ಪೇನು?

ಮಂಡ್ಯದ ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ: "ಸಕ್ಕರೆ ಕಾಯಿಲೆಯಿರುವ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ರಿಪೋರ್ಟ್ ನೋಡಿ, ಮೊಬೈಲಿನಲ್ಲಿ ಏನೋ ಹುಡುಕಿ ಮಾತ್ರೆ ಬರೆದರು. ಮೊಬೈಲ್ ನೋಡಿ ಬರೆಯೋದಾದರೆ ಅಷ್ಟು ವರ್ಷ ಓದಿದ್ದು ಯಾಕೆ?"

ನಿಮ್ಮ ಕಸಿವಿಸಿ ಅರ್ಥವಾಗುತ್ತದೆ. "ಇದೊಂದು ನೋಡಿಬಿಡ್ತೀನಮ್ಮ" ಅಂತ ಅವರು ಒಂದು ಮಾತು ಹೇಳಬಹುದಿತ್ತು. ಆದರೆ ಆ ಡಾಕ್ಟರಿಗೆ ನೀವು ಕೈ ಮುಗಿಯಬೇಕಿತ್ತು ಸ್ವಾಮಿ!

ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್‌ನನ್ನೇ ತಗೊಳ್ಳಿ. ಕಿಡ್ನಿ ಸೋತಿದ್ದರೆ ಪ್ರಮಾಣ ಇಳಿಸಬೇಕು, ತೀರಾ ಸೋತಿದ್ದರೆ ನಿಲ್ಲಿಸಲೇಬೇಕು. ಇಂಥ ಮಾತ್ರೆಗಳು ಎಷ್ಟೋ ಇವೆ. ಎಲ್ಲವೂ ಬಾಯಿಪಾಠ ಇರಬೇಕು ಅನ್ನೋದು ನ್ಯಾಯವಾ?

ನಮ್ಮಪ್ಪ ಮೈಸೂರಿನ ಒಂದು ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಪಾಳಿಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಬರುತ್ತಿದ್ದರು. ಕೋಟಿನ ಜೇಬಿನಲ್ಲಿ ಅಂಚು ಸುರುಟಿದ ಔಷಧದ ಪುಸ್ತಕ. ಒಂದು ರಾತ್ರಿ ಕೇಸ್ ಶೀಟ್ ತಿರುವಿ ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆಯ ಅಂಶ, ಕ್ರಿಯಾಟಿನಿನ್, ಎಷ್ಟು ಅಂತ ನೋಡಿದರು. ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಹಗಲು ಬರೆದಿದ್ದ ಡೋಸ್ ಜಾಸ್ತಿಯಿತ್ತು. ಅಷ್ಟೊತ್ತಿನಲ್ಲೇ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಅರ್ಧಕ್ಕಿಳಿಸಿದರು. ಆ ಬೆರಳು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅಮೆರಿಕದ ಲಾಸ್ ಏಂಜಲೀಸಿನ 47 ಡಾಕ್ಟರುಗಳನ್ನು ಕೇಳಿ ಮಾಡಿದ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ಮೂರು ರೋಗಿಗಳನ್ನು ನೋಡುವಷ್ಟರಲ್ಲಿ ಅವರಿಗೆ ಎರಡು ಪ್ರಶ್ನೆ ಏಳುತ್ತಿದ್ದವು. ರೋಗಿ ಎದುರಿಗಿರುವಾಗಲೇ ಉತ್ತರ ಸಿಗುತ್ತಿದ್ದದ್ದು ನೂರರಲ್ಲಿ 30ಕ್ಕೆ ಮಾತ್ರ. ಅದೂ ಹೆಚ್ಚಾಗಿ ಇನ್ನೊಬ್ಬ ಡಾಕ್ಟರನ್ನು ಕೇಳಿ! ಮಿಕ್ಕ ಪ್ರಶ್ನೆಗಳು ರೋಗಿಯ ಜೊತೆಗೇ ಬಾಗಿಲು ದಾಟಿದವು. ನಿಮ್ಮ ಡಾಕ್ಟರು ಹಾಗೆ ಬಿಡಲಿಲ್ಲ, ಅಲ್ವಾ?

ನನ್ನ ಸಿಟ್ಟು ಬೇರೆ ಕಡೆಗಿದೆ. ವೈದ್ಯಕೀಯ ಸಂಶೋಧನೆಗಳನ್ನು ಹುಡುಕುವ ಪಬ್‌ಮೆಡ್ ಅನ್ನೋ ಜಾಲತಾಣದಲ್ಲಿ ಲೇಖನದ ಸಾರಾಂಶ ಪುಕ್ಕಟೆ ಸಿಗುತ್ತದೆ, ಪೂರ್ತಿ ಓದಲು ಎಷ್ಟೋ ಸಲ ದುಡ್ಡು ಕೊಡಬೇಕು. ಕೇಂದ್ರ ಸರ್ಕಾರ 'ಒಂದು ದೇಶ, ಒಂದು ಚಂದಾ' ಅಂತ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟು, 2025ರಿಂದ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ಓದಲು ತೆರೆದಿದೆ. ಸಂತೋಷ. ಆದರೆ ಅದು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ. ಮಳವಳ್ಳಿ, ನಾಗಮಂಗಲದ ತಾಲ್ಲೂಕು ಆಸ್ಪತ್ರೆ ಕಾಲೇಜಲ್ಲವಲ್ಲ! ಅಂಥ ಕಡೆ ಹೊಸ ಔಷಧದ ಸುದ್ದಿ ಹೊತ್ತು ತರುವವರು ಔಷಧ ಕಂಪನಿಗಳ ಪ್ರಚಾರಕ್ಕೆ ಬರುವ ಮೆಡಿಕಲ್ ರೆಪ್‌ಗಳು. ಅವರ ನುಣುಪು ಹಾಳೆಯಲ್ಲಿ ಗುಣಗಾನ ದಪ್ಪಕ್ಷರದಲ್ಲಿ, ಅಡ್ಡಪರಿಣಾಮ ಇರುವೆ ಸಾಲಿನಂಥ ಅಕ್ಷರದಲ್ಲಿ. ಅದನ್ನು ಪ್ರಶ್ನಿಸಿ ನಮಗೊಂದು ಕಾಗದ ಬರೆಯಿರಿ, ಮೊದಲ ಪುಟದಲ್ಲೇ ಹಾಕುತ್ತೇನೆ.

ಮುಂದಿನ ಸಲ ತಾಯಿಯ ಹಳೇ ರಿಪೋರ್ಟು, ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ಪು ಎಲ್ಲವನ್ನೂ ಒಂದು ಚೀಲದಲ್ಲಿ ತಗೊಂಡು ಹೋಗಿ. ಆ ಡಾಕ್ಟರಿಗೆ ಅವೂ ಬೇಕಾಗುತ್ತವೆ.

— ಸಂಪಾದಕ