ದೇವರನ್ನು ನಂಬದವರನ್ನು ಕಂಡರೆ ಆಸ್ತಿಕರಿಗೆ ಏಕೆ ಅಪನಂಬಿಕೆ?

ಮೂಲದಲ್ಲಿರುವುದು ದೇವರ ಕುರಿತ ವಾದವಲ್ಲ, ಭರವಸೆಯ ಪ್ರಶ್ನೆ. ಮೇಲೊಬ್ಬ ನೋಡುತ್ತಿದ್ದಾನೆ ಎಂಬ ಅಂಜಿಕೆಯೇ ಮನುಷ್ಯನನ್ನು ನೆಟ್ಟಗಿಡುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಅದಿಲ್ಲದವನು ಏನು ಮಾಡಲೂ ಹೇಸುವುದಿಲ್ಲ ಎಂಬುದು ಅವರ ಲೆಕ್ಕ. 2017ರಲ್ಲಿ ಪ್ರಕಟವಾದ, 13 ದೇಶಗಳ ಮೂರು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನವೊಂದರಲ್ಲಿ, ಘೋರ ಅಪರಾಧ ಮಾಡಿದವನು ನಾಸ್ತಿಕನಿರಬೇಕು ಎಂಬ ಊಹೆಯತ್ತಲೇ ಜನ ವಾಲಿದರು. ನನ್ನ ಮನಸ್ಸು ಕಲಕಿದ್ದೆಂದರೆ, ನಾಸ್ತಿಕರಲ್ಲೂ ಅದೇ ಪೂರ್ವಗ್ರಹ ಕಂಡುಬಂತು.

ಮನೆಯೊಳಗಿನ ತಿಕ್ಕಾಟವೇ ಬೇರೆ. ಪ್ರಾರ್ಥನೆಯ ಹೊತ್ತಿನಲ್ಲಿ ಮಗಳು ಕೈಮುಗಿಯದೆ ನಿಂತರೆ ತಾಯಿಗೆ ಅದು ವಿಚಾರಭೇದವಾಗಿ ಕಾಣುವುದಿಲ್ಲ, ತನ್ನನ್ನೇ ತಿರಸ್ಕರಿಸಿದಂತೆ ಕಾಣುತ್ತದೆ. ಅಲ್ಲಿ ತರ್ಕ ಹೂಡಬೇಡಿ. ‘ಅಮ್ಮಾ, ನಿನ್ನ ಪಕ್ಕದಲ್ಲೇ ಇರುತ್ತೇನೆ, ಆದರೆ ನಂಬಿದಂತೆ ನಟಿಸಲಾರೆ’ ಎಂದು ಮೆಲ್ಲಗೆ ಹೇಳಿ.